ಜರ್ಮನಿಯಲ್ಲಿ ಮಂಗಾ ಸಂಗ್ರಹ: ಬೆಲೆ ಇಳಿಯೋದಿಲ್ಲ, ಸಂಪುಟ ಉಳಿಯೋದಿಲ್ಲ

ಪ್ರಶ್ನೆ: ನಾನು ಶಿವಮೊಗ್ಗದವನು, ಕಾರ್ಲ್ಸ್‌ರೂಹೆಯಲ್ಲಿ ಎಂ.ಎಸ್. ಓದುತ್ತಿದ್ದೇನೆ. ಜರ್ಮನ್ ಕಲಿಯಲಿಕ್ಕೆ ಅಂತ ಮಂಗಾ, ಅಂದರೆ ಜರ್ಮನ್‌ಗೆ ಅನುವಾದವಾದ ಜಪಾನಿ ಕಾಮಿಕ್ಸ್, ಓದಲು ಶುರು ಮಾಡಿದೆ, ಈಗ ಕೂಡಿಡುವ ಹುಚ್ಚು ಹತ್ತಿದೆ. ಪ್ರತಿ ತಿಂಗಳೂ ಅಂಗಡಿಯಲ್ಲಿ ಹೊಸ ಸಂಪುಟಗಳ ರಾಶಿ. ಯಾವುದು ಯಾವಾಗ ಬರುತ್ತದೆ ಅಂತ ತಿಳಿಯುವುದು ಹೇಗೆ? ಬಂದ ಕೂಡಲೇ ಕೊಳ್ಳಬೇಕಾ, ಇಲ್ಲ ಬೆಲೆ ಇಳಿಯುವವರೆಗೆ ಕಾಯಬೇಕಾ? ನಾನು ಕೊಳ್ಳುತ್ತಿರುವ ಒಂದು ಸರಣಿಯ 7ನೇ ಸಂಪುಟ ಎಲ್ಲೂ ಇಲ್ಲ, ಹಳೇ ಪುಸ್ತಕ ಮಾರುವವರೊಬ್ಬರು 60 ಯೂರೋ ಕೇಳುತ್ತಿದ್ದಾರೆ. ಕೊಡಲಾ? ಓದು ಮುಗಿದ ಮೇಲೆ ಇದನ್ನೆಲ್ಲ ಊರಿಗೆ ಹೇಗೆ ಒಯ್ಯಲಿ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮಿಕ್ಕಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮೂರಲ್ಲಿ ದಸರಾ ಸೇಲ್, ದೀಪಾವಳಿ ಸೇಲ್ ಅಂತ ಕಾದು ಕೊಳ್ಳುವುದು ರೂಢಿ. ಜರ್ಮನಿಯಲ್ಲಿ ಹೊಸ ಪುಸ್ತಕಕ್ಕೆ ಅದು ನಡೆಯುವುದಿಲ್ಲ. ಇಲ್ಲಿ ಬೂಖ್‌ಪ್ರೈಸ್‌ಬಿಂಡುಂಗ್ ಅಂತ ಒಂದು ಪದ್ಧತಿ ಇದೆ. ಪುಸ್ತಕದ ಬೆಲೆ ಎಷ್ಟು ಅಂತ ಪ್ರಕಾಶಕರು ನಿಗದಿ ಮಾಡುತ್ತಾರೆ, ಮಾರುವವರೆಲ್ಲ ಅದೇ ಬೆಲೆಗೆ ಮಾರಬೇಕು. 1888ರಿಂದ ಪುಸ್ತಕ ವ್ಯಾಪಾರಿಗಳು ತಾವೇ ಒಪ್ಪಿಕೊಂಡು ನಡೆಸಿಕೊಂಡು ಬಂದದ್ದು, 2002ರಲ್ಲಿ ಕಾಯ್ದೆಯೇ ಆಯಿತು. ಹಾಗಾಗಿ ಟಾಲಿಯಾದಂಥ ದೊಡ್ಡ ಅಂಗಡಿ, ಅಮೆಜಾನ್, ನಿಮ್ಮ ಬೀದಿ ಕೊನೆಯ ಪುಟ್ಟ ಪುಸ್ತಕದಂಗಡಿ, ಎಲ್ಲಿ ಕೇಳಿದರೂ ಒಂದೇ ಬೆಲೆ. ಇ-ಬುಕ್‌ಗೂ ಇದೇ ನಿಯಮ. ಪುಸ್ತಕ ಮೇಳಕ್ಕೆ ಹೋದರೂ ಹೊಸ ಸಂಪುಟಕ್ಕೆ ಒಂದು ಸೆಂಟ್ ರಿಯಾಯಿತಿ ಸಿಗುವುದಿಲ್ಲ.

ಪುಸ್ತಕ ಬಂದು ಹದಿನೆಂಟು ತಿಂಗಳು ಕಳೆದ ಮೇಲೆ ಪ್ರಕಾಶಕರು ಬೇಕಿದ್ದರೆ ಈ ನಿಗದಿ ಬೆಲೆಯನ್ನು ತೆಗೆದುಹಾಕಬಹುದು. ಆದರೆ ಓಡುತ್ತಿರುವ ಮಂಗಾ ಸರಣಿಗೆ ಯಾರು ಹಾಗೆ ಮಾಡುತ್ತಾರೆ? ಅದನ್ನು ನಂಬಿಕೊಂಡು ಕೂರಬೇಡಿ.

ಬೆಲೆ ಇಳಿಯುವುದಿಲ್ಲ, ಸರಿ. ಹಾಗಾದರೆ ಬದಲಾಗುವುದು ಏನು? ಪುಸ್ತಕ ಸಿಗುತ್ತದೋ ಇಲ್ಲವೋ ಅನ್ನುವುದು. ಹೊಸಬರಿಗೆ ಸಾಮಾನ್ಯವಾಗಿ ಇದು ತಡವಾಗಿ ಹೊಳೆಯುತ್ತದೆ. ಮೊದಲನೇ ಸಂಪುಟವನ್ನು ಪ್ರಕಾಶಕರು ಧಾರಾಳವಾಗಿ ಅಚ್ಚು ಹಾಕುತ್ತಾರೆ. ಅಂಗಡಿಯವರೂ ಅದನ್ನು ಮೇಜಿನ ಮೇಲೆ ಎತ್ತರಕ್ಕೆ ಪೇರಿಸುತ್ತಾರೆ. ಒಂದನ್ನು ಓದಿದವರೆಲ್ಲ ಎರಡನ್ನು ಕೊಳ್ಳುವುದಿಲ್ಲ, ಎರಡನ್ನು ಓದಿದವರೆಲ್ಲ ಮೂರಕ್ಕೆ ಬರುವುದಿಲ್ಲ. ಅದನ್ನು ನೋಡಿಕೊಂಡೇ ಪ್ರಕಾಶಕರು ಮುಂದಿನ ಸಂಪುಟಗಳ ಪ್ರತಿ ಕಡಿಮೆ ಮಾಡುತ್ತಾ ಹೋಗುತ್ತಾರೆ. ಆಮೇಲೆ ಯಾವತ್ತೋ ಆ ಕತೆಗೆ ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಬರುತ್ತದೆ. ಹೊಸ ಓದುಗರು ಒಟ್ಟಿಗೆ ನುಗ್ಗುತ್ತಾರೆ. ಒಂದನೇ ಸಂಪುಟ ಮರುಮುದ್ರಣವಾಗುತ್ತದೆ. ಆರು, ಏಳು, ಎಂಟು ಮಾಯವಾಗಿರುತ್ತವೆ. ನಿಮ್ಮ 7ನೇ ಸಂಪುಟದ ಕತೆ ಬಹುಪಾಲು ಇದೇ ಇರಬೇಕು.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಹೊಸ ಸರಣಿಯ ಮೊದಲ ಸಂಪುಟಕ್ಕೆ ಓಡಬೇಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಹಿಡಿದ ಸರಣಿಯ ಮುಂದಿನ ಸಂಪುಟಗಳನ್ನು ಮಾತ್ರ ಬಂದ ತಿಂಗಳೇ ಕೊಂಡುಬಿಡಿ. ಹೆಚ್ಚಿನವರು ಇದರ ಉಲ್ಟಾ ಮಾಡುತ್ತಾರೆ. ಹತ್ತು ಸರಣಿಗಳ ಒಂದೊಂದನೇ ಸಂಪುಟ ತಂದು ಇಟ್ಟುಕೊಳ್ಳುತ್ತಾರೆ. ನಿಜವಾಗಿ ಇಷ್ಟವಾದ ಸರಣಿಯ ಐದು, ಆರನ್ನು "ಆಮೇಲೆ ನೋಡೋಣ" ಅಂತ ಬಿಡುತ್ತಾರೆ.

ಈಗ ಸುದ್ದಿ ತಿಳಿಯುವ ದಾರಿ. ಮೊದಲು ಯಾರು ಯಾರು ಪ್ರಕಾಶಕರು ಅಂತ ಗೊತ್ತಿರಬೇಕು, ಯಾಕೆಂದರೆ ಇಲ್ಲಿ ಪ್ರತಿ ಸರಣಿಯೂ ಒಂದು ಪ್ರಕಾಶನಕ್ಕೆ ಸೇರಿರುತ್ತದೆ. ಹ್ಯಾಂಬರ್ಗಿನ ಕಾರ್ಲ್ಸೆನ್ ಹಳೇ ಕುಳ. 1991ರಲ್ಲಿ 'ಅಕಿರಾ' ತಂದದ್ದು ಅವರೇ. ಅದು ಬಣ್ಣ ತುಂಬಿದ, ಎಡದಿಂದ ಬಲಕ್ಕೆ ಓದುವ ಆವೃತ್ತಿ. 1997ರಲ್ಲಿ 'ಡ್ರ್ಯಾಗನ್ ಬಾಲ್' ಅನ್ನು ಜಪಾನಿನಲ್ಲಿದ್ದ ಹಾಗೇ ಬಲದಿಂದ ಎಡಕ್ಕೆ ಅಚ್ಚು ಹಾಕಿದರು. ಜರ್ಮನ್ ಮಕ್ಕಳು ಅದನ್ನು ಒಂದು ಚೂರೂ ತಕರಾರಿಲ್ಲದೆ ಓದಿದರು. ಇವತ್ತು ನೀವು ಅಂಗಡಿಯಲ್ಲಿ ನೋಡುವ ಗೋಡೆ ತುಂಬ ಮಂಗಾಕ್ಕೆ ಬುನಾದಿ ಬಿದ್ದದ್ದು ಅಲ್ಲಿ. 'ಒನ್ ಪೀಸ್' ಕೂಡ ಕಾರ್ಲ್ಸೆನ್‌ನದೇ. ಬರ್ಲಿನ್ನಿನ ಎಗ್ಮಾಂಟ್ 'ಡಿಟೆಕ್ಟಿವ್ ಕೊನಾನ್' ಅನ್ನು 2001ರಿಂದ ತರುತ್ತಿದೆ, ಅದು ನೂರು ಸಂಪುಟ ದಾಟಿದೆ. ಟೋಕಿಯೋಪಾಪ್ 2004ರಿಂದ ಹ್ಯಾಂಬರ್ಗಿನಲ್ಲಿದೆ. ಅಮೆರಿಕದ ಟೋಕಿಯೋಪಾಪ್ 2011ರಲ್ಲಿ ಪ್ರಕಟಣೆ ನಿಲ್ಲಿಸಿದರೂ ಜರ್ಮನಿಯದು ನಿಲ್ಲಲಿಲ್ಲ. ಆಲ್ಟ್ರಾವರ್ಸ್ 2017ರಲ್ಲಿ ಹುಟ್ಟಿದ್ದು, ಅದೂ ಹ್ಯಾಂಬರ್ಗಿನಲ್ಲೇ. ಕಾಝೆ ಅನ್ನುವ ಹೆಸರಿನಲ್ಲಿದ್ದದ್ದು 2022ರಲ್ಲಿ ಕ್ರಂಚಿರೋಲ್ ಆಯಿತು, ಹಾಗಾಗಿ ಒಂದೇ ಸರಣಿಯ ಹಳೇ ಮುದ್ರಣದಲ್ಲಿ ಹಳೇ ಹೆಸರು ಕಂಡರೆ ನಕಲಿ ಅಂತ ಗಾಬರಿ ಬೀಳಬೇಡಿ. ಲುಡ್ವಿಗ್ಸ್‌ಬುರ್ಗ್‌ನ ಮಂಗಾ ಕಲ್ಟ್, ಸ್ಟುಟ್‌ಗಾರ್ಟಿನ ಪಾನಿನಿ ನಿಮಗೆ ನೆರೆಹೊರೆಯವರು. ದೊಡ್ಡವರ ಗಂಭೀರ ಕತೆಗಳಿಗೆ ಬರ್ಲಿನ್ನಿನ ರೆಪ್ರೊಡುಕ್ಟ್ ಒಳ್ಳೆಯದು.

ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ತಮ್ಮ ಮುಂದಿನ ಪಟ್ಟಿ ಬಿಡುಗಡೆ ಮಾಡುತ್ತಾರೆ. ಇದಕ್ಕೆ ಫೋರ್‌ಶೌ ಅನ್ನುತ್ತಾರೆ. ಅಂಗಡಿಯವರಿಗಾಗಿ ಮಾಡಿದ್ದು, ಆದರೆ ಪ್ರಕಾಶಕರ ಸೈಟಿನಲ್ಲಿ ಯಾರು ಬೇಕಾದರೂ ಪಿಡಿಎಫ್ ಇಳಿಸಿಕೊಳ್ಳಬಹುದು. ಇದನ್ನು ಒಂದು ಸಂಜೆ ಕೂತು ನಿಧಾನವಾಗಿ ನೋಡಿ. ಪ್ರತಿ ಪುಟದಲ್ಲೂ ತಿಂಗಳು, ಬೆಲೆ, ಅಳತೆ, ಪುಟಸಂಖ್ಯೆ, ಜಪಾನಿನಲ್ಲಿ ಎಷ್ಟು ಸಂಪುಟ ಬಂದಿವೆ, ಸರಣಿ ಮುಗಿದಿದೆಯೋ ಇಲ್ಲವೋ, ಮೊದಲ ಮುದ್ರಣದ ಜತೆ ಏನು ಕೊಡುತ್ತಾರೆ, ಇದೆಲ್ಲ ಇರುತ್ತದೆ. ನಾನು ಮೊದಲು ನೋಡುವುದು "ಸರಣಿ ಮುಗಿದಿದೆಯಾ" ಅನ್ನುವ ಸಾಲನ್ನು. ಜಪಾನಿನಲ್ಲಿ ಎಂಟು ಸಂಪುಟಕ್ಕೆ ಮುಗಿದ ಕತೆ ಅಂದರೆ ಲೆಕ್ಕ ಸ್ಪಷ್ಟ. ಎರಡು ತಿಂಗಳಿಗೊಂದರಂತೆ ಬಂದರೆ ಒಂದೂವರೆ ವರ್ಷದೊಳಗೆ ನಿಮ್ಮ ಕೈಯಲ್ಲಿ ಪೂರ್ತಿ ಇರುತ್ತದೆ. ನಿಮ್ಮ ಓದು ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ.

ಇನ್ನೂ ಓಡುತ್ತಿರುವ ಸರಣಿಯ ಲಯ ಬೇರೆ. ಜರ್ಮನ್ ಆವೃತ್ತಿ ಹಿಂದಿರುವಾಗ ಎರಡು, ಮೂರು ತಿಂಗಳಿಗೊಂದು ಬರುತ್ತದೆ. ಜಪಾನನ್ನು ಹಿಡಿದ ಮೇಲೆ ನಿಧಾನವಾಗುತ್ತದೆ. ಅಲ್ಲಿ ಬರೆದಷ್ಟೇ ಇಲ್ಲಿ ಬರಲು ಸಾಧ್ಯ, ಅಲ್ವಾ? ಹಾಗೆ ಆದಾಗ ಸರಣಿ ನಿಂತುಹೋಯಿತು ಅಂದುಕೊಳ್ಳಬೇಡಿ.

ದಿನಾಂಕಗಳು ಜಾರುವುದೂ ಮಾಮೂಲು. ಮುಖಪುಟಕ್ಕೆ, ಅನುವಾದಕ್ಕೆ ಜಪಾನಿನ ಒಪ್ಪಿಗೆ ಬರಬೇಕು, ಅಚ್ಚುಮನೆಯಲ್ಲಿ ಸರದಿ ಸಿಗಬೇಕು. ಆದ್ದರಿಂದ ಪಟ್ಟಿ ನೋಡಿ ಒಮ್ಮೆ ಬರೆದಿಟ್ಟರೆ ಸಾಲದು. ಮಂಗಾ ಪ್ಯಾಶನ್ ಅನ್ನುವ ಜರ್ಮನ್ ತಾಣದಲ್ಲಿ ಎಲ್ಲ ಪ್ರಕಾಶಕರ ಬಿಡುಗಡೆಗಳ ಕ್ಯಾಲೆಂಡರ್ ಇದೆ. ನಿಮ್ಮ ಹತ್ತಿರ ಯಾವ ಸಂಪುಟ ಇದೆ ಅಂತ ಗುರುತು ಹಾಕಿಕೊಳ್ಳುವ ಸೌಲಭ್ಯವೂ ಇದೆ. ತಿಂಗಳ ಮೊದಲ ವಾರ ಅದನ್ನೊಂದು ಸಲ ನೋಡಿದರೆ ಬೇರೆ ಏನೂ ಬೇಡ. ಪ್ರಕಾಶಕರ ಇನ್‌ಸ್ಟಾಗ್ರಾಂ ಪುಟಗಳನ್ನು ನೋಡುತ್ತಾ ಕೂರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಎಲ್ಲವೂ ಬೇಕು ಅನ್ನಿಸುತ್ತದೆ.

ಹೊಸ ಪರವಾನಗಿಗಳ, ಅಂದರೆ ಯಾವ ಜಪಾನಿ ಸರಣಿಯನ್ನು ಜರ್ಮನ್‌ನಲ್ಲಿ ತರುವ ಹಕ್ಕು ಯಾರಿಗೆ ಸಿಕ್ಕಿದೆ ಅನ್ನುವ ಸುದ್ದಿ ಮೇಳಗಳಲ್ಲಿಯೂ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಲೈಪ್ಜಿಗ್ ಪುಸ್ತಕ ಮೇಳದ ಜತೆ ಮಂಗಾ-ಕಾಮಿಕ್-ಕಾನ್ ನಡೆಯುತ್ತದೆ, 2014ರಿಂದ ಹೀಗೆ. ಒಂದೇ ಟಿಕೆಟಿಗೆ ಎರಡೂ ನೋಡಬಹುದು. ಬೇಸಿಗೆಯಲ್ಲಿ ಮನ್‌ಹೈಮ್‌ನಲ್ಲಿ ಅನಿಮಾಜಿಕ್ ಇದೆ. ಕಾರ್ಲ್ಸ್‌ರೂಹೆಯಿಂದ ರೈಲಿನಲ್ಲಿ ಹೋಗಿ ಸಂಜೆ ವಾಪಸ್ ಬರಬಹುದಾದ ದೂರ, ಒಂದು ದಿನಕ್ಕಾದರೂ ಹೋಗಿ ಬನ್ನಿ. ಕೆಲವು ವಿಶೇಷ ಮುಖಪುಟದ ಆವೃತ್ತಿಗಳನ್ನು ಮೇಳದಲ್ಲಿ ಮಾತ್ರ ಮಾರುತ್ತಾರೆ. ಇದಲ್ಲದೆ 2022ರಿಂದ ಮಂಗಾ ಡೇ ಅಂತ ಒಂದು ದಿನ ಮಾಡುತ್ತಿದ್ದಾರೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಅಂಗಡಿಗಳಲ್ಲಿ ಅವತ್ತಿಗಾಗಿಯೇ ಅಚ್ಚು ಹಾಕಿದ ಪುಸ್ತಕಗಳನ್ನು ಸುಮ್ನೆ ಕೊಡುತ್ತಾರೆ. ಹೊಸ ಸರಣಿ ರುಚಿ ನೋಡಲು ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಉಳಿದ ದಿನಗಳಲ್ಲಿ ಪ್ರಕಾಶಕರ ಸೈಟಿನಲ್ಲಿ ಲೇಸೆಪ್ರೋಬೆ, ಅಂದರೆ ಮೊದಲ ಕೆಲವು ಪುಟ, ಓದಲು ಸಿಗುತ್ತದೆ.

ಇನ್ನು ಕೊಳ್ಳುವುದು. ಎಲ್ಲ ಕಡೆ ಒಂದೇ ಬೆಲೆ ಅಂದ ಮೇಲೆ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ. ಇದು ಬರೀ ಆದರ್ಶದ ಮಾತಲ್ಲ, ನಿಮಗೇ ಲಾಭ. ಲಿಬ್ರಿ, ಝೈಟ್‌ಫ್ರಾಖ್ಟ್‌ನಂಥ ಸಗಟು ಮಳಿಗೆಗಳು ರಾತ್ರೋರಾತ್ರಿ ಪುಸ್ತಕ ಸಾಗಿಸುತ್ತವೆ. ಅವರ ದಾಸ್ತಾನಿನಲ್ಲಿ ಇದ್ದರೆ ಇವತ್ತು ಮಧ್ಯಾಹ್ನ ಹೇಳಿದ ಸಂಪುಟ ನಾಳೆ ಬೆಳಿಗ್ಗೆ ಅಂಗಡಿಗೆ ಬರುತ್ತದೆ. ಸಾಗಣೆ ಖರ್ಚಿಲ್ಲ, ಮುಂಗಡ ಹಣವನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಅಂಚೆಯಲ್ಲಿ ಮೂಲೆ ಮುರಿದು ಬರುವ ಕಾಟವೂ ಇಲ್ಲ, ಕೈಯಲ್ಲಿ ಹಿಡಿದು ನೋಡಿಯೇ ತೆಗೆದುಕೊಳ್ಳಬಹುದು. ಕಾಮಿಕ್ಸ್ ಅಂಗಡಿ ಇದ್ದರೆ ಅಬೊ ಮಾಡಿಸಿ. ಯಾವ ಸರಣಿ ಬೇಕು ಅಂತ ಒಮ್ಮೆ ಹೇಳಿದರೆ ಸಾಕು, ಪ್ರತಿ ಹೊಸ ಸಂಪುಟವನ್ನು ನಿಮ್ಮ ಹೆಸರಿನಲ್ಲಿ ಎತ್ತಿಡುತ್ತಾರೆ. ಸೆಮಿಸ್ಟರ್ ಪರೀಕ್ಷೆಯ ಗದ್ದಲದಲ್ಲಿ ಒಂದು ಸಂಪುಟ ತಪ್ಪಿಹೋಗುವುದು ಹೀಗೆ ಮಾಡಿದರೆ ಮಾತ್ರ ನಿಲ್ಲುತ್ತದೆ.

ಮೊದಲ ಮುದ್ರಣದ ಜತೆ ಬರುವ ಕಾರ್ಡು, ಪೋಸ್ಟರು, ಬಣ್ಣ ಹಚ್ಚಿದ ಅಂಚು, ಖಾಲಿ ರಟ್ಟಿನ ಪೆಟ್ಟಿಗೆ, ಇವುಗಳ ಆಕರ್ಷಣೆ ದೊಡ್ಡದು. ಪೆಟ್ಟಿಗೆಗೆ ಶೂಬರ್ ಅನ್ನುತ್ತಾರೆ. ಒಂದನೇ ಸಂಪುಟದ ಜತೆಗೋ ಕೊನೆಯದರ ಜತೆಗೋ ಕೊಟ್ಟು ಎಲ್ಲ ಸಂಪುಟ ಅದರಲ್ಲಿ ಇಡಿ ಅನ್ನುತ್ತಾರೆ. ಚಿಕ್ಕ ಸರಣಿಗೆ ಶೂಬರ್ ನಿಜವಾಗಿಯೂ ಒಳ್ಳೆಯದು. ಪುಸ್ತಕ ಬಾಗುವುದಿಲ್ಲ, ಧೂಳು ಕೂರುವುದಿಲ್ಲ, ಮನೆ ಬದಲಿಸುವಾಗ ಸಲೀಸು. ಕಾರ್ಡಿಗೋಸ್ಕರ ಇಷ್ಟವಿಲ್ಲದ ಸರಣಿ ಕೊಳ್ಳುವುದು ಮಾತ್ರ ಬೇಡ. ಮೊದಲ ಮುದ್ರಣ ಹೌದೋ ಅಲ್ಲವೋ ತಿಳಿಯಲು ಇಂಪ್ರೆಸ್ಸುಮ್ ನೋಡಿ. ಸಣ್ಣಕ್ಷರದಲ್ಲಿ ಅನುವಾದಕರು, ಸಂಪಾದಕರು, ಅಚ್ಚಾದ ಊರು ಎಲ್ಲ ಇರುವ ಪುಟ ಅದು. ಕೆಲವರು "1. ಔಫ್ಲಾಗೆ", ಅಂದರೆ ಒಂದನೇ ಮುದ್ರಣ, ಅಂತ ನೇರವಾಗಿ ಬರೆಯುತ್ತಾರೆ. ಕೆಲವರು ಅಂಕಿಗಳ ಒಂದು ಸಾಲು ಹಾಕಿರುತ್ತಾರೆ. ಆ ಸಾಲಿನಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಎಷ್ಟೋ ಅಷ್ಟನೇ ಮುದ್ರಣ.

ದುಡ್ಡು ಉಳಿಸಲು ಕಾನೂನು ಒಪ್ಪುವ ಒಂದು ದಾರಿ ಇದೆ. ಸಾಗಣೆಯಲ್ಲಿ ಸ್ವಲ್ಪ ಪೆಟ್ಟು ತಿಂದ ಪ್ರತಿಗಳನ್ನು ಮೆಂಗೆಲ್‌ಎಕ್ಸೆಂಪ್ಲಾರ್ ಅಂತ ಕಡಿಮೆ ಬೆಲೆಗೆ ಮಾರುತ್ತಾರೆ. ಪುಸ್ತಕ ಮುಚ್ಚಿ ಕೆಳಗಿನ ಅಂಚು ನೋಡಿ, ಅಲ್ಲಿ ಒಂದು ಮುದ್ರೆ ಒತ್ತಿರುತ್ತಾರೆ, ಇಲ್ಲ ಸ್ಕೆಚ್ ಪೆನ್ನಿನ ಗೆರೆ ಎಳೆದಿರುತ್ತಾರೆ. ಓದುವುದಕ್ಕೆ ಏನೂ ತೊಂದರೆ ಇಲ್ಲ, ಕಪಾಟಿನಲ್ಲಿ ಇಟ್ಟರೆ ಕಾಣುವುದೂ ಇಲ್ಲ. ಮುಂದೆ ಮಾರುವ ಯೋಚನೆ ಇದ್ದರೆ ಮಾತ್ರ ಬೆಲೆ ಕಡಿಮೆ ಬರುತ್ತದೆ.

ಖರ್ಚಿನ ಅಂದಾಜು ಹೇಳುತ್ತೇನೆ. ಸಾಮಾನ್ಯ ಅಳತೆಯ ಸಂಪುಟ ಈಗ ಸುಮಾರು 7ರಿಂದ 8 ಯೂರೋ. ಐದು ಸರಣಿ ಹಿಡಿದಿದ್ದೀರಿ, ಎರಡು ತಿಂಗಳಿಗೊಂದು ಬರುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಮೂವತ್ತು ಸಂಪುಟ, ಸುಮಾರು 225 ಯೂರೋ. ವಿದ್ಯಾರ್ಥಿಗೆ ಇದು ಸಾಕು. ಆರನೇ ಸರಣಿ ಬೇಕು ಅನ್ನಿಸಿದರೆ ಐದರಲ್ಲಿ ಒಂದು ಮುಗಿಯಲಿ. ನೂರು ದಾಟಿದ ಸರಣಿಗಳನ್ನು ಈಗ ಶುರು ಮಾಡಬೇಡಿ, ಅವನ್ನು ಕಾರ್ಲ್ಸ್‌ರೂಹೆಯ ಸಾರ್ವಜನಿಕ ಗ್ರಂಥಾಲಯದಿಂದ ತಂದು ಓದಿ. ನಗರದ ಗ್ರಂಥಾಲಯಗಳಲ್ಲಿ ಮಂಗಾಕ್ಕೆ ಒಳ್ಳೇ ಜಾಗ ಕೊಟ್ಟಿರುತ್ತಾರೆ. ತೀರಾ ಬೇಕೇ ಬೇಕು ಅಂದರೆ ಮೂರು ಸಂಪುಟ ಒಂದರಲ್ಲಿ ಸೇರಿಸಿದ ದಪ್ಪ ಆವೃತ್ತಿ ಇದೆಯಾ ನೋಡಿ. 'ಡ್ರ್ಯಾಗನ್ ಬಾಲ್'ಗೆ ಅಂಥದ್ದಿದೆ.

ಈಗ ನಿಮ್ಮ 7ನೇ ಸಂಪುಟ. 60 ಯೂರೋ ಕೊಡಬೇಡಿ, ಇವತ್ತಂತೂ ಬೇಡವೇ ಬೇಡ. ಮೊದಲು ಪ್ರಕಾಶಕರ ಸೈಟಿನಲ್ಲಿ ಆ ಸಂಪುಟದ ಪುಟ ತೆರೆದು ಏನು ಬರೆದಿದೆ ನೋಡಿ. "ನಾಖ್‌ಡ್ರುಕ್" ಅನ್ನುವ ಮಾತಿದ್ದರೆ ಮರುಮುದ್ರಣ ಬರಲಿದೆ, ಕಾಯಿರಿ. ಬಂದ ದಿನ ಆ 60 ಯೂರೋ ಪುಸ್ತಕ ಮತ್ತೆ ಏಳೂವರೆಗೆ ಸಿಗುತ್ತದೆ. "ಫೆರ್‌ಗ್ರಿಫನ್" ಅಂತ ಮಾತ್ರ ಇದ್ದರೆ ಪ್ರತಿ ಖಾಲಿ ಅಂತ ಅರ್ಥ, ಮುಂದೇನು ಅಂತ ಹೇಳಿರುವುದಿಲ್ಲ. ಆಗ ಪ್ರಕಾಶಕರಿಗೆ ನಾಲ್ಕು ಸಾಲಿನ ಮಿಂಚಂಚೆ ಬರೆಯಿರಿ. ಜರ್ಮನಿಯಲ್ಲಿ ಇಂಥ ಪತ್ರಕ್ಕೆ ಉತ್ತರ ಬರುತ್ತದೆ. ಹೀಗೆ ಕೇಳುವವರು ಜಾಸ್ತಿ ಆದರೆ ಬೇಡಿಕೆ ಇದೆ ಅಂತ ಅವರಿಗೂ ಗೊತ್ತಾಗುತ್ತದೆ. ಪರವಾನಗಿಯೇ ಮುಗಿದಿದೆ ಅಂತ ಹೇಳಿದರೆ ಮಾತ್ರ ಹಳೇ ಪುಸ್ತಕದ ಪೇಟೆಗೆ ಇಳಿಯಿರಿ. ಓದುವ ಆತುರ ತಡೆಯಲಾಗದಿದ್ದರೆ ಇ-ಬುಕ್ ಇದೆಯಾ ನೋಡಿ. ಕತೆ ಮುಂದೆ ಸಾಗಲಿ, ಕಾಗದದ ಪ್ರತಿ ನಿಧಾನವಾಗಿ ಸಿಗಲಿ.

ಹಳೇ ಪೇಟೆಯಲ್ಲಿ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಬಿಡಿ 7ನೇ ಸಂಪುಟ ಹುಡುಕುವ ಬದಲು, ಅದು ಸೇರಿರುವ ಕಟ್ಟು ಹುಡುಕಿ. ಮನೆ ಖಾಲಿ ಮಾಡುವವರು "ಸಂಪುಟ 1ರಿಂದ 9" ಅಂತ ಒಟ್ಟಿಗೆ ಹಾಕುತ್ತಾರೆ. ಬಿಡಿ ಸಂಪುಟದ ಬೆಲೆ ಅವರಿಗೆ ಗೊತ್ತಿರುವುದಿಲ್ಲ, ಇಲ್ಲ ಅವರಿಗೆ ಬೇಗ ಜಾಗ ಖಾಲಿಯಾದರೆ ಸಾಕು. ಪೂರ್ತಿ ಕೊಂಡು ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಮಾರಿ. ಕ್ಲೈನ್‌ಅಂಟ್ಸೈಗನ್, ಈಬೇ, ವಿಂಟೆಡ್, ಬುಕ್‌ಲುಕರ್, ಮೆಡಿಮೋಪ್ಸ್, ಹೀಗೆ ಹಳೇ ಪುಸ್ತಕ ಸಿಗುವ ತಾಣಗಳಲ್ಲೆಲ್ಲ ಸರಣಿಯ ಹೆಸರಿಗೆ ಹುಡುಕಾಟದ ಸೂಚನೆ ಹಾಕಿಟ್ಟರೆ ಫೋನಿಗೆ ತಾನಾಗಿ ಸುದ್ದಿ ಬರುತ್ತದೆ.

ಹಳೇ ಪ್ರತಿ ಕೊಳ್ಳುವಾಗ ಮೂರು ಫೋಟೋ ಕೇಳಿ: ಬೆನ್ನು, ಮೇಲಿನ ಅಂಚು, ಇಂಪ್ರೆಸ್ಸುಮ್ ಪುಟ. ಬೆನ್ನಿನಲ್ಲಿ ಬಿಳಿ ಗೆರೆ ಇದ್ದರೆ ಪುಸ್ತಕವನ್ನು ಬಗ್ಗಿಸಿ ಓದಿದ್ದಾರೆ. ಮೇಲಿನ ಅಂಚು ಕಂದು ಇದ್ದರೆ ಬಿಸಿಲೋ ಸಿಗರೇಟೋ ಕಾರಣ. ಜಾಹೀರಾತುಗಳಲ್ಲಿ "ನಿಖ್ಟ್‌ರೌಖರ್‌ಹೌಸ್‌ಹಾಲ್ಟ್" ಅಂತ ಬರೆಯುವುದು ಇದಕ್ಕೇ, ಅಂದರೆ ಸಿಗರೇಟು ಸೇದದವರ ಮನೆ. ಆ ವಾಸನೆ ಮಂಗಾದ ಒರಟು ಕಾಗದಕ್ಕೆ ಹತ್ತಿದರೆ ಹೋಗುವುದಿಲ್ಲ. ಹಣ ಕೊಡುವಾಗ ಪೇಪಾಲ್‌ನ "ಗೆಳೆಯರಿಗೆ" ಅನ್ನುವ ದಾರಿ ಹಿಡಿಯಬೇಡಿ, ಮೋಸವಾದರೆ ವಾಪಸ್ ಬರುವುದಿಲ್ಲ. ಪುಸ್ತಕ ಕಳಿಸಲು ಅಂಚೆಯಲ್ಲಿರುವ ಅಗ್ಗದ ದರ್ಜೆ ಬ್ಯೂಖರ್‌ಸೆಂಡುಂಗ್‌ಗೆ ವಿಮೆ ಇಲ್ಲ. ಒಂದು ಸಾಮಾನ್ಯ ಸಂಪುಟಕ್ಕೆ ಅದು ಸಾಕು, ಅಪರೂಪದ ಪ್ರತಿ ಅಥವಾ ದೊಡ್ಡ ಕಟ್ಟು ಆದರೆ ಪಾರ್ಸೆಲ್ ಮಾಡಿಸಿ.

ಇಟ್ಟುಕೊಳ್ಳುವ ವಿಷಯ ಎರಡೇ ಮಾತು. ಕಪಾಟು ಕಿಟಕಿಯ ಎದುರು ಬೇಡ, ಬೆನ್ನಿನ ಕೆಂಪು ಮತ್ತು ಗುಲಾಬಿ ಬಣ್ಣ ಮೊದಲು ಮಾಸುತ್ತದೆ. ಹೊರಗೋಡೆಗೆ ಅಂಟಿಸಿಯೂ ಇಡಬೇಡಿ. ಚಳಿಗಾಲದಲ್ಲಿ ಆ ಗೋಡೆ ತಣ್ಣಗಿರುತ್ತದೆ, ಒಳಗಿನ ತೇವ ಅಲ್ಲೇ ಕೂತು ಬೂಸ್ಟು ಬರುತ್ತದೆ. ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ದಿನಾ ಕಿಟಕಿ ತೆರೆದು ಗಾಳಿ ಆಡಿಸಿ.

ಕೊನೆಯದು, ಊರಿಗೆ ಒಯ್ಯುವುದು. ಅಡುಗೆಮನೆ ತಕ್ಕಡಿಯಲ್ಲಿ ಒಂದು ಸಂಪುಟ ಇಟ್ಟು ನೋಡಿ, ಸುಮಾರು 180 ಗ್ರಾಂ ಬರುತ್ತದೆ. ನೂರು ಸಂಪುಟ ಅಂದರೆ 18 ಕೆ.ಜಿ. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕೆ.ಜಿ. ಮಿತಿ. ಹಾಗಾಗಿ ಕೊನೆಯಲ್ಲಿ ಒಟ್ಟಿಗೆ ಒಯ್ಯುವ ಯೋಚನೆ ಬಿಡಿ. ರಜೆಗೆ ಹೋಗುವಾಗಲೆಲ್ಲ ಮುಗಿದ ಒಂದೊಂದು ಸರಣಿ ಕೈಚೀಲದಲ್ಲಿ ತೆಗೆದುಕೊಂಡು ಹೋಗಿ. ಶಿವಮೊಗ್ಗದ ಮಳೆಗಾಲಕ್ಕೆ ಮುಚ್ಚಳವಿರುವ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿ ಇಡಿಸಿ.

ಎಲ್ಲವನ್ನೂ ಒಯ್ಯಲೂ ಬೇಕಿಲ್ಲ. ಮತ್ತೆ ಓದುತ್ತೀರಿ ಅನ್ನುವುದನ್ನು ಇಟ್ಟುಕೊಳ್ಳಿ. ಉಳಿದದ್ದನ್ನು ಹೊರಡುವ ಮೂರು ತಿಂಗಳು ಮೊದಲೇ ಜಾಹೀರಾತು ಹಾಕಿ ಮಾರಿ, ಅದೂ ಪೂರ್ತಿ ಸರಣಿಯಾಗಿ. ಮಧ್ಯದ ಒಂದು ಸಂಪುಟ ಇಲ್ಲದ ಕಟ್ಟಿಗೆ ಅರ್ಧ ಬೆಲೆಯೂ ಹುಟ್ಟುವುದು ಕಷ್ಟ, ಪೂರ್ತಿ ಇದ್ದರೆ ಒಳ್ಳೇ ಬೆಲೆ ಬರುತ್ತದೆ. ಕೊನೇ ವಾರದವರೆಗೆ ಬಿಟ್ಟರೆ ಹಳೇ ಪುಸ್ತಕ ಕೊಳ್ಳುವ ಕಂಪನಿಗಳಿಗೆ ಚಿಲ್ಲರೆ ಕಾಸಿಗೆ ಕೊಡಬೇಕಾಗುತ್ತದೆ. ಅದಕ್ಕಿಂತ ನಾಲ್ಕಾರು ಸಂಪುಟ ಬೆಂಗಳೂರಿಗೆ ತಂದು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುತ್ತಿರುವ ಗೆಳೆಯರು ಯಾರಾದರೂ ಇದ್ದರೆ ಅವರಿಗೆ ಕೊಡಿ. ಪಾಠದ ಪುಸ್ತಕದಲ್ಲಿ ಸಿಗದ ಆಡುಮಾತಿನ ಜರ್ಮನ್ ಅವರಿಗೆ ಅಲ್ಲಿ ಸಿಗುತ್ತದೆ.